1994ಕ್ಕೂ ಮೊದಲೇ ಮದುವೆಯಾದ ಮಗಳಿಗೆ ಪಿತ್ರಾರ್ಜಿತದಲ್ಲಿ ಪಾಲು ಉಂಟೇ?

ಗಡಿಕಲ್ಲು:
ಕರ್ನಾಟಕದ ಹಿಂದೂ ಕುಟುಂಬ, ಒಂಬತ್ತು ಎಕರೆ ಪಿತ್ರಾರ್ಜಿತ ಜಮೀನು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳ ಮದುವೆ 1988ರಲ್ಲಿ. ತಂದೆ 2001ರಲ್ಲಿ ತೀರಿಕೊಂಡರು, ತಾಯಿ ಅದಕ್ಕೂ ಮೊದಲೇ. ಖಾತೆ ಅಣ್ಣತಮ್ಮಂದಿರ ಹೆಸರಿಗಿದೆ. "1996ರಲ್ಲೇ ಬಾಯಿಮಾತಿನಲ್ಲಿ ಪಾಲಾಗಿದೆ, ಮದುವೆಯಾದವಳಿಗೆ ಹಕ್ಕೂ ಇಲ್ಲ" ಎಂಬ ವಾದ ನಿಲ್ಲುತ್ತದೆಯೇ?

ಹಳೇಕಡತ:
ಮದುವೆಯ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. 1933ರ ಮೈಸೂರು ಕಾಯ್ದೆಯಲ್ಲಿ ಪಾಲಾಗುವಾಗ ಅವಿವಾಹಿತ ಮಗಳಿಗೆ ಸಿಗುತ್ತಿದ್ದದ್ದು ಸಹೋದರನ ಪಾಲಿನ ಕಾಲುಭಾಗ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರ ಜುಲೈ 30ರಿಂದ ಜಾರಿಯಾದ ಕರ್ನಾಟಕ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಪಾಲುದಾರಳನ್ನಾಗಿ ಮಾಡಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿಯಲ್ಲಿ ಆ ಷರತ್ತೇ ಇಲ್ಲ. ಆ ದಿನ ತಂದೆ ಬದುಕಿರಬೇಕು ಎಂಬ ತಕರಾರನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತಳ್ಳಿಹಾಕಿತು.

ಲೆಕ್ಕ ನೋಡಿ. ಹಳೆಯ ರೀತಿಯಲ್ಲಿ ತಂದೆಗೂ ಇಬ್ಬರು ಗಂಡುಮಕ್ಕಳಿಗೂ ತಲಾ ಮೂರು ಎಕರೆ. ತಂದೆಯ ಮೂರರಲ್ಲಿ ಮಗಳಿಗೆ ಒಂದು. ಈಗ ಮಗಳಿಗೂ ಸಮಪಾಲು, ತಂದೆಯ ಪಾಲನ್ನೂ ಹಂಚಿದ ಮೇಲೆ ಮೂವರಿಗೂ ತಲಾ ಮೂರು.

ಪಹಣಿಪುಟ:
ಬಾಯಿಮಾತಿನ ಪಾಲು ಸಾಮಾನ್ಯವಾಗಿ ನಿಲ್ಲುವುದಿಲ್ಲ. ನೋಂದಾಯಿತ ಪಾಲುಪತ್ರ ಇರಬೇಕು, ಇಲ್ಲವೇ ಕೋರ್ಟ್ ಡಿಕ್ರಿ. ಅಪರೂಪಕ್ಕೆ, ಸಾರ್ವಜನಿಕ ದಾಖಲೆಗಳ ಗಟ್ಟಿ ಆಧಾರವಿದ್ದರೆ ಮಾತ್ರ ಒಪ್ಪುತ್ತಾರೆ. ಹಾಗಾಗಿ ಮೊದಲು 1995ರಿಂದೀಚಿನ ಪಹಣಿ ಮತ್ತು ಮ್ಯುಟೇಶನ್ (ಖಾತೆ ಬದಲಾವಣೆ) ನಕಲು ತೆಗೆಸಿ. ತಂದೆ ಇರುವಾಗಲೇ ಪ್ರತ್ಯೇಕ ಖಾತೆಯಾಗಿದ್ದರೆ ಸಹೋದರರಿಗೆ ಒಂದಿಷ್ಟು ಹಿಡಿತ ಸಿಕ್ಕೀತು. ಇಡೀ ಒಂಬತ್ತು ಎಕರೆ 2001ರ ನಂತರ ತಂದೆಯ ಹೆಸರಿನಿಂದ ಪೌತಿ ಖಾತೆಯಾಗಿದ್ದರೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬದಲಾಗುವುದು) 1996ರ ಕಥೆ ಅಲ್ಲೇ ಸಡಿಲವಾಗುತ್ತದೆ: ಆಗಲೇ ಪಾಲಾಗಿದ್ದರೆ ಪೌತಿ ಏಕೆ ಬೇಕಿತ್ತು?

ಖಾತೆ ಎಂದರೆ ಒಡೆತನವಲ್ಲ, ಅದು ಕಂದಾಯದ ಲೆಕ್ಕ. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲಿನ ಮಾರಾಟವನ್ನು 2005ರ ಹಕ್ಕಿನ ಮೇಲೆ ಕೆದಕಲಾಗದು.

ದಾವೆದಾರ:
ಜಮೀನು ತಂದೆಗೆ ಹೇಗೆ ಬಂತು ಎಂಬುದನ್ನೂ ನೋಡಿ. ಅಜ್ಜನ ಸ್ವಯಾರ್ಜಿತವಾಗಿದ್ದು, ಅವರು 1956ರ ಕಾಯ್ದೆ ಬಂದ ಮೇಲೆ ಉಯಿಲಿಲ್ಲದೆ ತೀರಿಕೊಂಡಿದ್ದರೆ, ಅದು ತಂದೆಯ ಸ್ವಂತದ್ದು. ತಂದೆ ಉಯಿಲು ಬರೆಯದಿದ್ದರೆ ಮಗಳಿಗೆ ಆಗಲೂ ಮೂರು ಎಕರೆ. ಗಂಡುಮಕ್ಕಳ ಹೆಸರಿಗೆ ಬರೆದಿದ್ದರೆ ಏನೂ ಇಲ್ಲ. 'ಅಜ್ಜನ ಆಸ್ತಿಯೆಲ್ಲ ಪಿತ್ರಾರ್ಜಿತ' ಎಂದುಕೊಂಡು ದಾವೆ ಹೂಡಿದವರು ಎಡವುವುದು ಇಲ್ಲೇ.

ದಾವೆಯಲ್ಲಿ ಕುಟುಂಬದ ಎಲ್ಲ ಸರ್ವೆ ನಂಬರುಗಳೂ ಎಲ್ಲ ಪಾಲುದಾರರೂ ಇರಬೇಕು. ಒಂದು ಬಿಟ್ಟರೂ ಎದುರು ಪಕ್ಷ ಅದನ್ನೇ ಹಿಡಿಯುತ್ತದೆ. ನಿಮ್ಮನ್ನು ಹೊರಗಿಟ್ಟದ್ದು ತಿಳಿದ ದಿನದಿಂದ 12 ವರ್ಷ ಎಂಬ ಕಾಲಮಿತಿಯ ವಾದವೂ ಬರುತ್ತದೆ, ಅದಕ್ಕೆ ಉತ್ತರ ಸಿದ್ಧವಿರಲಿ.

ಗಡಿಕಲ್ಲು:
ಪೌತಿಗೆಂದು ಮಗಳಿಂದ ಛಾಪಾ ಕಾಗದದಲ್ಲಿ ಸಹಿ ಹಾಕಿಸಿಕೊಂಡಿದ್ದಾರಂತೆ.

ದಾವೆದಾರ:
ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗದಿದ್ದರೆ ಅದರಿಂದ ಜಮೀನಿನ ಹಕ್ಕು ಬಿಟ್ಟುಹೋಗುವುದಿಲ್ಲ. ನೋಂದಾಯಿತ ಹಕ್ಕು ಬಿಡುಗಡೆ ಪತ್ರವಾಗಿದ್ದರೆ ಅದನ್ನು ಮೊದಲು ರದ್ದು ಮಾಡಿಸಬೇಕು, ಅದಕ್ಕೆ ಮೂರು ವರ್ಷದ ಮಿತಿ. ಋಣಭಾರ ಪತ್ರ (ಜಮೀನಿನ ನೋಂದಾಯಿತ ವ್ಯವಹಾರಗಳ ಪಟ್ಟಿ) ತೆಗೆಸಿದರೆ ಯಾವುದೆಂದು ಗೊತ್ತಾಗುತ್ತದೆ.