ದಲೀಪ್ ಸಿಂಗ್ ಸೌಂದ್: ಗಣಿತದ ಪಿಎಚ್‌ಡಿ ಮಾಡಿ ಹೊಲಕ್ಕೆ ಹೋಗಿದ್ದು ಯಾಕೆ?

ಕುತೂಹಲಿ:
ಅಮೆರಿಕದ ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಗೆದ್ದ ಮೊದಲ ಭಾರತೀಯ ಮೂಲದವರು ಸೌಂದ್, ಅದೂ 1956ರಲ್ಲೇ. ಪಂಜಾಬಿನಿಂದ 1920ರಲ್ಲಿ ಹೋಗಿ, 1924ಕ್ಕೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಪಿಎಚ್‌ಡಿ ಮುಗಿಸಿದವರು. ಅಷ್ಟು ಓದಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಲೆಟಿಸ್ ಸೊಪ್ಪು ಬೆಳೆಯೋಕೆ ಯಾಕೆ ಹೋದರು? ರಾಜಕೀಯಕ್ಕೂ ಐವತ್ತರ ಹತ್ತಿರ ಬಂದಿದ್ದಾರೆ. ಆಸಕ್ತಿ ಇರಲಿಲ್ಲವಾ?

ಹಳೇಪುಟ:
ಆಸಕ್ತಿ ಇತ್ತು, ಪೌರತ್ವ ಇರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂದ್ ಅನ್ನುವವರ ಕೇಸಿನಲ್ಲಿ ಸುಪ್ರೀಂ ಕೋರ್ಟು ಭಾರತೀಯರು ‘ಬಿಳಿಯರಲ್ಲ’, ಹಾಗಾಗಿ ಪೌರರಾಗುವಂತಿಲ್ಲ ಅಂತ ತೀರ್ಪು ಕೊಟ್ಟಿತ್ತು. ಡಿಗ್ರಿ ಎಷ್ಟೇ ದೊಡ್ಡದಿದ್ದರೂ ಕಾಲೇಜುಗಳಲ್ಲಿ ಪಾಠ ಹೇಳುವ ಕೆಲಸ ಇಂಥವರಿಗೆ ಸಿಗುತ್ತಿರಲಿಲ್ಲ. ಸರಿ, ಬೇಸಾಯ ಮಾಡೋಣ ಅಂದರೆ ಅಲ್ಲೂ ತಡೆ. ಪೌರರಾಗಲು ಅರ್ಹತೆ ಇಲ್ಲದವರು ಜಮೀನು ಕೊಳ್ಳಬಾರದು ಅಂತ ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಕಾನೂನು. ಸೌಂದ್ 1928ರಲ್ಲಿ ಮರಿಯನ್ ಕೋಸಾ ಅವರನ್ನು ಮದುವೆಯಾದರು. ಇಂಥ ವಿದೇಶಿಯನ್ನು ಮದುವೆಯಾದ ಅಮೆರಿಕನ್ ಹೆಂಗಸಿನ ಪೌರತ್ವವೂ ಆಗ ಹೋಗುತ್ತಿತ್ತು! ಅಂಥವರು ಯಾವ ಚುನಾವಣೆಗೆ ನಿಲ್ಲೋದು ಹೇಳಿ.

ಲೆಕ್ಕದಮೇಷ್ಟ್ರು:
ಇದಕ್ಕೆ ಸೇರಿಸುತ್ತೇನೆ. ಸೌಂದ್ ಕಾನೂನು ಬದಲಾಗಲಿ ಅಂತ ಸುಮ್ನೆ ಕಾದು ಕೂತಿರಲಿಲ್ಲ. ಭಾರತೀಯರ ಸಂಘದ ಅಧ್ಯಕ್ಷರಾಗಿ ಅದಕ್ಕೇ ಓಡಾಡಿದರು, 1946ರಲ್ಲಿ ಲೂಸ್–ಸೆಲ್ಲರ್ ಕಾಯ್ದೆಗೆ ಅಧ್ಯಕ್ಷ ಟ್ರೂಮನ್ ಸಹಿ ಬಿತ್ತು. ಭಾರತದಿಂದ ವರ್ಷಕ್ಕೆ ನೂರು ಜನ ಮಾತ್ರ ಬರಬಹುದು ಅನ್ನುವ ಜಿಪುಣ ಕೋಟಾ, ಆದರೆ ಪೌರತ್ವದ ಬಾಗಿಲು ತೆರೆಯಿತು.

ನನಗೆ ಮಜಾ ಅನಿಸೋದು ಮುಂದಿನದು. ಅವರು ಪೌರರಾಗಿದ್ದು 1949ರ ಡಿಸೆಂಬರ್ 16. ಮರುವರ್ಷ ವೆಸ್ಟ್‌ಮೋರ್ಲೆಂಡ್ ಊರಿನ ನ್ಯಾಯಾಧೀಶರ ಚುನಾವಣೆ ಗೆದ್ದರು, ಆದರೆ ಪೌರರಾಗಿ ವರ್ಷ ತುಂಬಿಲ್ಲ ಅಂತ ಕುರ್ಚಿ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತು ಗೆದ್ದರು. ಇನ್ನು ಕಾಂಗ್ರೆಸ್‌ನ ಕೆಳಮನೆಯಾದ ಹೌಸ್‌ನ ಸದಸ್ಯರಾಗಲು ಸಂವಿಧಾನದ ಪ್ರಕಾರ ಏಳು ವರ್ಷ ಪೌರರಾಗಿರಬೇಕು. 1956ರ ನವೆಂಬರಿನಲ್ಲಿ ಮತದಾನದ ದಿನಕ್ಕೆ ಏಳು ತುಂಬಿರಲಿಲ್ಲ, 1957ರ ಜನವರಿ 3ಕ್ಕೆ ಸಭೆ ಸೇರುವಾಗ ತುಂಬಿತ್ತು. ಸ್ವಂತ ಡೆಮಾಕ್ರಟಿಕ್ ಪಕ್ಷದೊಳಗೆ ಟಿಕೆಟ್‌ಗೆ ಪೈಪೋಟಿ ನಡೆಸಿದವರೇ ಇದನ್ನು ಹಿಡಿದು ಕೋರ್ಟಿಗೆ ಹೋದರೂ ಕೇಸು ನಿಲ್ಲಲಿಲ್ಲ. ಕೊನೆಗೆ ಸೋತ ರಿಪಬ್ಲಿಕನ್ ಯಾರು ಗೊತ್ತಾ? ಜಾಕ್ವೆಲಿನ್ ಕಾಕ್ರನ್, ಶಬ್ದದ ವೇಗ ಮೀರಿ ವಿಮಾನ ಹಾರಿಸಿದ ಮೊದಲ ಹೆಂಗಸು!

ನೀಲಿಪೆನ್ನು:
ಪೂಜೆ ಜಾಸ್ತಿ ಆಯ್ತು ಅಲ್ವಾ? 1957ರ ನಾಗರಿಕ ಹಕ್ಕುಗಳ ಮಸೂದೆಗೆ ಮತ ಹಾಕಿದರು, ಒಪ್ಪಿದೆ. ಆದರೆ ಮೆಕ್ಸಿಕೋದಿಂದ ಕೂಲಿಗಳನ್ನು ತರಿಸುವ ಬ್ರಸೆರೊ ಯೋಜನೆಯನ್ನೂ ಬೆಂಬಲಿಸಿದರು. ಆ ಕೂಲಿಗಳ ಪಾಡು ಚೆನ್ನಾಗಿರಲಿಲ್ಲ.

ಲೆಕ್ಕದಮೇಷ್ಟ್ರು:
ಕ್ಷೇತ್ರದ ತುಂಬ ಬೇಸಾಯಗಾರರು, ತಾವೂ ಬೆಳೆಗಾರರು. ಟೀಕೆ ನ್ಯಾಯವೇ.

ಕುತೂಹಲಿ:
ಮತ್ತೆ ಮೂರೇ ಅವಧಿಗೆ ಯಾಕೆ ಮುಗಿಯಿತು?

ಹಳೇಪುಟ:
1962ರ ಮೇನಲ್ಲಿ ವಾಷಿಂಗ್ಟನ್‌ಗೆ ಹೋಗುವ ವಿಮಾನದಲ್ಲಿ ಪಾರ್ಶ್ವವಾಯು ಹೊಡೆಯಿತು, ಮಾತು ನಿಂತುಹೋಯಿತು. ಆದರೂ ಹೆಸರು ಕಣದಲ್ಲೇ ಇತ್ತು, ನವೆಂಬರಿನಲ್ಲಿ ಸೋತರು. ತೀರಿಕೊಂಡಿದ್ದು 1973ರಲ್ಲಿ. ಅವರಾದ ಮೇಲೆ ಹೌಸ್‌ಗೆ ಗೆದ್ದ ಭಾರತೀಯ ಮೂಲದವರು ಅಂದರೆ 2004ರಲ್ಲಿ ಲೂಸಿಯಾನಾದ ಬಾಬಿ ಜಿಂದಾಲ್.