ಲೈಸೆನ್ಸ್ ಇದ್ದವರಿಗೆ ವಿಮಾನದಲ್ಲಿ ಪಿಸ್ತೂಲು ಬಿಟ್ಟರೆ ಅಪಹರಣ ನಿಲ್ಲುತ್ತದೆಯೇ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು): ಸರ್, ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಮಾಡಿಸಿಕೊಂಡವನು ನಾನು. ಮನೇಲಿ ಕೋವಿ ಇದೆ ಅಂತ ಗೊತ್ತಿದ್ರೆ ಅಡಿಕೆ ಕಳ್ಳ ಅಂಗಳಕ್ಕೆ ಕಾಲಿಡಲ್ಲ. ಶಿವಮೊಗ್ಗದ ಸೋಗಾನೆ ನಿಲ್ದಾಣದಲ್ಲಿ ವಿಮಾನ ಹತ್ತುವಾಗ ಒಂದು ಚಾಕೂ ಬಿಡಲ್ಲ. 1999ರಲ್ಲಿ ನಾಲ್ಕು ಜನ ಪ್ರಯಾಣಿಕರ ಹತ್ತಿರ ಪಿಸ್ತೂಲು ಇದ್ದಿದ್ರೆ ಅಪಹರಣವಾದ ಆ ಇಂಡಿಯನ್ ಏರ್‌ಲೈನ್ಸ್ ವಿಮಾನ ಕಂದಹಾರ್‌ಗೆ ಹೋಗ್ತಿತ್ತಾ?

ಉತ್ತರ (ವಿಮಾನ ನಿಲ್ದಾಣ ಭದ್ರತೆಯ ನಿವೃತ್ತ ಅಧಿಕಾರಿ): ಆ ಅಪಹರಣಕಾರರು ಆಯುಧ ಸಮೇತ ಹತ್ತಿದ್ದು ಕಠ್ಮಂಡುವಿನಲ್ಲಿ. ಸೋತಿದ್ದು ಅಲ್ಲಿಯ ತಪಾಸಣೆ.

ಅಮೆರಿಕದ ಕಥೆ ನೋಡಿ. ಆಯುಧ ಬಚ್ಚಿಟ್ಟುಕೊಂಡು ವಿಮಾನ ಹತ್ತುವುದು ಅಪರಾಧ ಅಂತ ಅಲ್ಲಿ 1961ರಲ್ಲೇ ಕಾನೂನಾಯಿತು. ಆದರೆ ಎಲ್ಲರ ಚೀಲ ಬಿಚ್ಚಿಸಿ ನೋಡುತ್ತಿರಲಿಲ್ಲ. 1968ರಿಂದ 1972ರೊಳಗೆ ನೂರಮೂವತ್ತಕ್ಕೂ ಹೆಚ್ಚು ಅಪಹರಣದ ಪ್ರಕರಣಗಳಾದವು. 1973ರ ಜನವರಿ 5ರಿಂದ ಪ್ರತಿಯೊಬ್ಬರನ್ನೂ ತಪಾಸಣೆ ಮಾಡತೊಡಗಿದರು. ಆ ವರ್ಷವೇ ಪ್ರಕರಣಗಳು ಬೆರಳೆಣಿಕೆಗೆ ಇಳಿದವು. ಅಪಹರಣಕಾರರನ್ನು ಹಿಂದಿರುಗಿಸುವ ಇಲ್ಲವೇ ಶಿಕ್ಷಿಸುವ ಬಗ್ಗೆ ಫೆಬ್ರವರಿಯಲ್ಲಿ ಕ್ಯೂಬಾ ಜೊತೆ ಆದ ಒಪ್ಪಂದದ ಪಾಲೂ ಇದರಲ್ಲಿದೆ, ಅದನ್ನು ಮರೆಮಾಚಲಾರೆ.

ಈಗ ಲೈಸೆನ್ಸ್ ಇದ್ದವರನ್ನು ಪಿಸ್ತೂಲು ಸಮೇತ ಬಿಟ್ಟೆವು ಅನ್ನಿ. ಗೇಟಿನಲ್ಲಿ ನಿಂತವನು ಲೋಹ ಹುಡುಕುವುದು ಬಿಟ್ಟು ಮನುಷ್ಯನ ಮನಸ್ಸು ಓದಬೇಕಾಗುತ್ತದೆ. ಶಿವಮೊಗ್ಗಕ್ಕೆ ಬರುವ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ ಆ ಕಡೆ ಎರಡು, ಈ ಕಡೆ ಎರಡು ಸೀಟು, ನಡುವೆ ಒಬ್ಬರು ನುಸುಳುವಷ್ಟು ದಾರಿ. ಹಿಂದಿನ ಸೀಟಿನವನು ನಿಮ್ಮ ಸೊಂಟದ ಪಿಸ್ತೂಲು ಕಿತ್ತುಕೊಂಡರೆ? ಗುಂಡಿನ ತೂತಿಗೆ ವಿಮಾನವೇ ಸಿಡಿದುಹೋಗುತ್ತೆ ಅನ್ನೋದು ಸಿನಿಮಾ ಮಾತು. ನನಗೆ ಭಯ, ಆ ಗುಂಡು ಮುಂದೆ ಕೂತಿರುವ ಜನರಿಗೆ ತಗುಲೀತು ಅಂತ.

ಮರುಪ್ರಶ್ನೆ (ಸಾಗರದ ಶಿಕ್ಷಕಿ): 2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಬಂದೂಕಿಲ್ಲದೇ ವಿಮಾನ ವಶ ಮಾಡ್ಕೊಂಡ್ರಲ್ಲ ಸರ್?

ಉತ್ತರ: ಹೌದು ಮೇಡಂ, ಸಣ್ಣ ಬ್ಲೇಡುಗಳೇ ಸಾಕಾದವು. ಅಪಹರಣಕಾರರು ಹೇಳಿದಂತೆ ಕೇಳಿ ಜನರ ಜೀವ ಉಳಿಸಿ ಅಂತಲೇ ಆಗ ಸಿಬ್ಬಂದಿಗೆ ಕಲಿಸುತ್ತಿದ್ದರು. ಕಾಕ್‌ಪಿಟ್ ಬಾಗಿಲೂ ಗಟ್ಟಿ ಇರಲಿಲ್ಲ. ಆಮೇಲೆ ಗುಂಡು ತಡೆಯುವ ಬಾಗಿಲು ಬಂತು. ನಮ್ಮಲ್ಲಂತೂ 1971ರಲ್ಲಿ 'ಗಂಗಾ' ವಿಮಾನವನ್ನು ಲಾಹೋರ್‌ಗೆ ಒಯ್ದಿದ್ದು ನಕಲಿ ಪಿಸ್ತೂಲು, ಮರದ ಗ್ರೆನೇಡು ತೋರಿಸಿ! ನಿಜವಾದ ಆಯುಧ ಒಳಗೆ ಬರಬಹುದು ಅನ್ನುವ ಕಾಲದಲ್ಲಿ ಮಾತ್ರ ನಕಲಿಗೆ ಅಷ್ಟು ಬೆಲೆ. ಇನ್ನು, ವಿಮಾನದೊಳಗೆ ಆಯುಧ ಬೇಕೇ ಬೇಕು ಅನ್ನುವ ಕಡೆ ತರಬೇತಾದ ಸ್ಕೈ ಮಾರ್ಷಲ್‌ಗಳು ಮಫ್ತಿಯಲ್ಲಿ ಕೂತಿರುತ್ತಾರೆ. ಅದು ಅವರ ಕೆಲಸ.

ಬೆಳೆಗಾರರಿಗೆ ಇನ್ನೊಂದು ಮಾತು. ಶಿಕಾರಿ ಚೀಲವನ್ನೇ ಹೆಗಲಿಗೇರಿಸಿ ವಿಮಾನ ನಿಲ್ದಾಣಕ್ಕೆ ಬರಬೇಡಿ. ಪಕ್ಕದ ಜೇಬಿನಲ್ಲಿ ಮರೆತ ಒಂದು ತೋಟಾ ಎಕ್ಸ್-ರೇಯಲ್ಲಿ ಕಂಡರೂ ಪೊಲೀಸ್ ಠಾಣೆ ಹತ್ತಬೇಕಾದೀತು. ಮನೆಯಲ್ಲೇ ಚೀಲ ಕೊಡವಿ ನೋಡಿ.