ಪದಚರ್ಚೆ: ಘಾಟಿಯ ಟೋಲ್‌ಗೇಟಿಗೆ ‘ಉಕ್ಕಡ’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಕನ್ನಡ ಕೂಟದ ಸಂಚಿಕೆಗೆ ಒಂದು ಪ್ರವಾಸ ಲೇಖನ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಅರ್ಧಕ್ಕೆ ನಿಂತಿದೆ. ಜಾಗ ಅಮೆರಿಕದ ಕೊಲೊರಾಡೊ ರಾಜ್ಯದ್ದು. ಯೂರೇ ಎಂಬ ಪುಟ್ಟ ಪಟ್ಟಣದಿಂದ ದಕ್ಷಿಣಕ್ಕೆ ಘಾಟಿ ಹತ್ತಲು ಶುರುಮಾಡಿದರೆ ಎರಡು ಮೂರು ಮೈಲಿಯಲ್ಲೇ ಬೇರ್ ಕ್ರೀಕ್ ಜಲಪಾತ ಸಿಗುತ್ತದೆ. ಹೊಳೆ ರಸ್ತೆಯ ಕೆಳಗೇ ಹಾದು ಇನ್ನೂರಕ್ಕೂ ಹೆಚ್ಚು ಅಡಿ ಆಳದ ಕಮರಿಗೆ ಬೀಳುತ್ತದೆ. ಬೆಳ್ಳಿ ಗಣಿಗಳ ಕಾಲದಲ್ಲಿ ಇಲ್ಲಿನ ಸೇತುವೆಯ ಮೇಲೆಯೇ ಒಂದು ಗೇಟು ಹಾಕಿ ಗಾಡಿಗಳಿಂದ ಹಣ ವಸೂಲು ಮಾಡುತ್ತಿದ್ದರು. ಈಗ ಗೇಟೂ ಇಲ್ಲ, ಕಾಯುವವನ ಮನೆಯೂ ಇಲ್ಲ. ರಸ್ತೆ ಮಾಡಿಸಿದವನ ಹೆಸರಿನ ಸ್ಮಾರಕ ಫಲಕ, ಜಲಪಾತ ನೋಡಲು ಒಂದು ಕಟಕಟೆ, ಇಷ್ಟೇ ಇರುವುದು.

ಆ ರಸ್ತೆ ಮಾಡಿಸಿದವನು ಆಟೊ ಮಿಯರ್ಸ್. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವನು. ಯೂಟ್ ಬುಡಕಟ್ಟಿನವರ ಭಾಷೆ ಕಲಿತು ದುಭಾಷಿಯಾಗಿಯೂ ಕೆಲಸ ಮಾಡಿದ್ದ. (ಯೂರೇ ಪಟ್ಟಣದ ಹೆಸರು ಆ ಬುಡಕಟ್ಟಿನ ಮುಖಂಡನದೇ. ಅವರ ನೆಲ ಕೈತಪ್ಪಿದ 1873ರ ಒಪ್ಪಂದದಲ್ಲಿ ಮಿಯರ್ಸ್‌ನ ಪಾತ್ರವೂ ಇತ್ತು. ಅದು ಬೇರೆಯೇ ಕಥೆ.) 1882ರ ಹೊತ್ತಿಗೆ ಮೇಲಿನ ರೆಡ್ ಮೌಂಟನ್ ಸುತ್ತ ಒಳ್ಳೆಯ ಬೆಳ್ಳಿ ಅದಿರು ಸಿಕ್ಕಿತು. ಅದಿರನ್ನು ಹೇಸರಗತ್ತೆಗಳ ಮೇಲೆ ಹೇರಿ ಇಳಿಸುವುದರಲ್ಲೇ ಲಾಭವೆಲ್ಲ ಕರಗುತ್ತಿತ್ತು. ಮರುವರ್ಷ ಮಿಯರ್ಸ್ ಬಂಡೆಯ ಗೋಡೆ ಸಿಡಿಸಿ ಗಾಡಿರಸ್ತೆ ಮಾಡಿಸಿದ. ಜೋಡಿ ಪ್ರಾಣಿ ಕಟ್ಟಿದ ಒಂದು ಗಾಡಿಗೆ 5 ಡಾಲರ್. ಗಣಿ ಕೂಲಿಯವನ ದಿನದ ಸಂಬಳ ಆಗ ಸುಮಾರು 3 ಡಾಲರ್ ಇತ್ತೆಂದರೆ ಲೆಕ್ಕ ಹಾಕಿಕೊಳ್ಳಿ. ಗೇಟನ್ನು ಸೇತುವೆಯ ಮೇಲೇ ಯಾಕಿಟ್ಟ ಎನ್ನುವುದು ಅಲ್ಲಿ ನಿಂತರೆ ತಾನಾಗಿ ತಿಳಿಯುತ್ತದೆ. ಒಂದು ಮಗ್ಗುಲಲ್ಲಿ ಗೋಡೆಯಂಥ ಬಂಡೆ, ಇನ್ನೊಂದು ಮಗ್ಗುಲಲ್ಲಿ ಪ್ರಪಾತ. ಕಣ್ಣು ತಪ್ಪಿಸಿ ಬಳಸಿಕೊಂಡು ಹೋಗಲು ಮೇಕೆಗೂ ದಾರಿಯಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದಕ್ಕೆ ಇದಕ್ಕಿಂತ ತಕ್ಕ ಜಾಗ ಸಿಗಲಾರದು.

ಈಗ ನನ್ನ ಪ್ರಶ್ನೆ. ಮೊದಲು ನಾನು ಬರೆದದ್ದು ‘ಸುಂಕದ ಕಟ್ಟೆ’. ಬೆಂಗಳೂರಿನವರಿಗೆ ಮಾಗಡಿ ರಸ್ತೆಯ ಸುಂಕದಕಟ್ಟೆ ಗೊತ್ತೇ ಇದೆ, ಅದೇ ರಸ್ತೆಯಲ್ಲಿ ‘ಟೋಲ್‌ಗೇಟ್’ ಎಂಬ ಬಸ್ ಸ್ಟಾಪೂ ಇದೆ. ಆದರೆ ಬರೆದದ್ದನ್ನು ಓದಿಕೊಂಡಾಗ ಕಣ್ಣ ಮುಂದೆ ಬಂದದ್ದು ಅರಳಿಮರ, ಕಲ್ಲು ಚಪ್ಪಡಿ, ಕಟ್ಟೆಯ ಮೇಲೆ ಎಲೆ‌ಅಡಿಕೆ ಹಾಕಿಕೊಂಡು ಕೂತ ಶಾನುಭೋಗ. ಹಿಮದಲ್ಲಿ ಹೂತುಹೋಗುವ ಮರದ ಸೇತುವೆಗೆ ‘ಕಟ್ಟೆ’ ಅಂಟುವುದಿಲ್ಲ.

‘ಸುಂಕ’ದ ಮೇಲೂ ನನಗೆ ಅನುಮಾನವಿದೆ. ‘ಶುಲ್ಕ’ದ ತದ್ಭವ ಅದು, ಹಳೆಯ ಪದ. ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಕಿರುಕುಳ ಎಂದು ಸಾಲಾಗಿ ಬರುತ್ತವೆ. ಪೆರ್ಜುಂಕ ದೊಡ್ಡ ಸುಂಕ, ಕಿರುಕುಳ ಚಿಲ್ಲರೆ ತೆರಿಗೆ. ಇವತ್ತು ‘ಕಿರುಕುಳ’ಕ್ಕೆ ಇರುವ ಅರ್ಥ ನೋಡಿದರೆ ತೆರಿಗೆ ಕೊಟ್ಟವರಾರೂ ಆಕ್ಷೇಪಿಸಲಾರರು. ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡಿದ್ದ 12ನೇ ಶತಮಾನದ ಶರಣ ಸುಂಕದ ಬಂಕಣ್ಣನನ್ನೂ ನೆನೆಯಬಹುದು. ಈ ಎಲ್ಲ ಬಳಕೆಯಲ್ಲೂ ಸುಂಕ ಬೀಳುವುದು ಸರಕಿನ ಮೇಲೆ, ಹೇರಿನ ಮೇಲೆ. ಅದು ಸೇರುವುದು ಅರಸನಿಗೆ, ಇಲ್ಲವೇ ಅರಸ ಬಿಟ್ಟುಕೊಟ್ಟ ದೇವಸ್ಥಾನಕ್ಕೆ. ಮಿಯರ್ಸ್‌ನ ಗೇಟಿನಲ್ಲಿ ಗಾಡಿ ಖಾಲಿಯಾಗಿದ್ದರೂ ಹಣ ಕಟ್ಟಬೇಕು, ಯಾಕೆಂದರೆ ಅದು ರಸ್ತೆಯ ಬಾಡಿಗೆ, ಸೇರುವುದು ರಸ್ತೆ ಮಾಡಿಸಿದವನ ಜೇಬಿಗೆ. ‘ದಾರಿಸುಂಕ’ ಎಂದರೆ ಈ ವ್ಯತ್ಯಾಸ ಸ್ವಲ್ಪ ತಿಳಿಯುತ್ತದೆ. ‘ರಹದಾರಿ’ ಎನ್ನುವ ಆಸೆಯಾಯಿತು, ಆದರೆ ಸಾರಿಗೆ ಇಲಾಖೆಯವರು ಅದನ್ನು ಪರ್ಮಿಟ್ಟಿಗೆ ಕಟ್ಟಿಹಾಕಿಬಿಟ್ಟಿದ್ದಾರೆ. ‘ತೆರಿಗೆ’ಯಂತೂ ಬೇಡ.

ಜೊತೆಯಲ್ಲಿ ಬಂದಿದ್ದ ನಮ್ಮ ಅತ್ತೆ ಧಾರವಾಡದ ಕಡೆಯವರು. ಫಲಕ ಓದಿ ಹೇಳಿದ ತಕ್ಷಣ, “ಅಂದ್ರ ಜಕಾತಿ ನಾಕಾ ಅನ್ನು. ರೊಕ್ಕ ಕೊಡೂತನಕ ಮುಂದ ಬಿಡಂಗಿಲ್ಲ, ಅಷ್ಟ” ಎಂದು ಮುಗಿಸಿಬಿಟ್ಟರು. ಆ ಕಡೆಯ ಓದುಗರಿಗೆ ಇದು ಥಟ್ಟನೆ ಹೊಳೆಯುವ ಮಾತು. ‘ಜಕಾತಿ’ಯೂ ಸರಕಿನ ಮೇಲಿನದೇ ಎಂದು ನಾನು ತಕರಾರು ತೆಗೆದರೆ, “ಗಾಡಿ ನಿಲ್ಸಿ ರೊಕ್ಕ ತಗೊಂಡ್ರ ಅದು ನಾಕಾನ ಹೌದಲ್ಲೋ” ಎಂದರು. ಹಳೇ ಮೈಸೂರಿನವರು ‘ನಾಕಾ’ ಅಂದರೆ ಪೊಲೀಸರ ನಾಕಾಬಂದಿ ಎಂದುಕೊಳ್ಳುತ್ತಾರೇನೋ ಎಂಬ ಅಳುಕು ನನಗೆ.

ಉಳಿದದ್ದು ‘ಉಕ್ಕಡ’. ಊರ ಹೊರಗಿನ ಕಾವಲು ಠಾಣೆ, ಬಂದುಹೋಗುವವರನ್ನು ತಡೆದು ಸುಂಕ ಎತ್ತುವ ಜಾಗ ಎಂಬ ಎರಡೂ ಅರ್ಥ ಅದಕ್ಕಿದೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯವರಿಗೆ ಆರತಿ ಉಕ್ಕಡದಿಂದಾಗಿ ಪದವಾದರೂ ಕಿವಿಗೆ ಬಿದ್ದಿರುತ್ತದೆ. ನನಗೆ ಇದೇ ಹೆಚ್ಚು ಹಿಡಿಸಿದೆ. ಹಣ ಯಾರದು, ಯಾವ ಲೆಕ್ಕದ್ದು ಎಂಬ ತಂಟೆಗೆ ಈ ಪದ ಹೋಗುವುದಿಲ್ಲ. ತಪ್ಪಿಸಿಕೊಳ್ಳಲಾಗದ ಕಡೆ ಒಬ್ಬ ಕಾದು ಕೂತಿದ್ದಾನೆ ಎಂಬುದನ್ನಷ್ಟೇ ಹೇಳುತ್ತದೆ, ಬೇರ್ ಕ್ರೀಕ್‌ನಲ್ಲಿ ಇದ್ದದ್ದೂ ಅದೇ. ಹಾಗಾಗಿ ಸದ್ಯಕ್ಕೆ ‘ದಾರಿಸುಂಕದ ಉಕ್ಕಡ’ ಎಂದು ಬರೆದಿಟ್ಟಿದ್ದೇನೆ. ಸಂಪಾದಕರು ಓದಿ, “ಉಕ್ಕಡ ಅಂದ್ರೆ ಏನ್ ಸಾರ್, ಟೋಲ್‌ಗೇಟ್ ಅಂತ್ಲೇ ಹಾಕಿ” ಎಂದರು. ಅವರ ಮಾತಿನಲ್ಲೂ ಹುರುಳಿದೆ. ನಾವೆಲ್ಲ ದಿನಾ ಅನ್ನುವುದು ‘ಟೋಲ್ ಕಟ್ಟಿದ್ಯಾ?’ ಎಂದೇ. ಆದರೆ ಟೋಲ್‌ಗೇಟ್ ಎಂದ ಕೂಡಲೇ ಓದುಗರ ಕಣ್ಣಿಗೆ ಕಾಣುವುದು ಫಾಸ್ಟ್ಯಾಗ್ ಬೂತು, ಹತ್ತು ಲೇನು, ಸೌತೆಕಾಯಿ ಮಾರುವವರು. 1883ರ ಕುದುರೆಗಾಡಿ ಅಲ್ಲಿಗೆ ಬರುವುದಿಲ್ಲ.

ತಿಳಿದವರು ಮೂರು ವಿಷಯ ಹೇಳಿದರೆ ಉಪಕಾರ. ನಿಮ್ಮ ಕಡೆ ‘ಉಕ್ಕಡ’ ಊರ ಹೆಸರಿನಲ್ಲಲ್ಲದೆ ಮಾತಿನಲ್ಲೂ ಉಳಿದಿದೆಯೇ, ಉಳಿದಿದ್ದರೆ ಸುಂಕದ ಅರ್ಥದಲ್ಲೋ ಕಾವಲಿನ ಅರ್ಥದಲ್ಲೋ? ಕರಾವಳಿ, ಮಲೆನಾಡಿನ ಘಾಟಿಗಳಲ್ಲಿ ಗಾಡಿ ತಡೆದು ಹಣ ಪಡೆಯುತ್ತಿದ್ದ ಜಾಗಕ್ಕೆ ಹಿರಿಯರು ಏನನ್ನುತ್ತಿದ್ದರು? ಸುಂಕವನ್ನು ‘ತೆರು’ವುದು ಹಳೆಯ ರೂಢಿ, ‘ಕಟ್ಟು’ವುದು ಇಂದಿನದು. ‘ದಾರಿಸುಂಕ’ದ ಜೊತೆ ನಿಮ್ಮ ಕಿವಿಗೆ ಯಾವುದು ಸರಿಯೆನಿಸುತ್ತದೆ? ಪುಟ ಅಚ್ಚಿಗೆ ಹೋಗುವುದು ಈ ಭಾನುವಾರ. ಅಷ್ಟರೊಳಗೆ ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.